ಸ್ಕಾಪಾ ಫ್ಲೋಗೆ ಗುಂಪಾಗಿ ಡೈವಿಂಗ್: ಬೋಟ್ ಬುಕ್ ಮಾಡುವ ಮುಂಚಿನಿಂದ ವಾಪಸ್ ವಿಮಾನ ಹತ್ತುವವರೆಗೆ

ನೇತ್ರಾಣಿಯ ಬೆಚ್ಚಗಿನ ನೀರಿನಲ್ಲಿ ಡೈವಿಂಗ್ ಕಲಿತು, ಕೆಲಸಕ್ಕೆಂದು ಬ್ರಿಟನ್‌ಗೆ ಹೋದವರಿಗೆ ಮುಳುಗಿದ ಹಡಗು ನೋಡುವ ಆಸೆ ಹುಟ್ಟುವುದು ಸಹಜ. ಗುಂಪು ಕಟ್ಟಿಕೊಂಡು ಸ್ಕಾಟ್‌ಲೆಂಡಿಗೆ ಹೊರಡುತ್ತಾರೆ. ಹೆಚ್ಚಿನವರು ಎಡವುವುದು ಒಂದೇ ಕಡೆ. ಮೊದಲು ಬೋಟ್ ಬುಕ್ ಆಗುತ್ತದೆ, ಆಮೇಲೆ ಜನ ಹುಡುಕುತ್ತಾರೆ, ಕೊನೆಗೆ ತಣ್ಣೀರಿನ ಅಭ್ಯಾಸ ನೆನಪಾಗುತ್ತದೆ. ಮೂರನೇ ದಿನದ ಹೊತ್ತಿಗೆ ಅರ್ಧ ಜನ ಡೆಕ್ ಮೇಲೆ ಚಹಾ ಹಿಡಿದು ಕೂತಿರುತ್ತಾರೆ.

ಕ್ರಮ ಉಲ್ಟಾ ಆಗಬೇಕು. ಮೊದಲು ಆಳ, ಆಮೇಲೆ ಜನ, ಆಮೇಲೆ ಬೋಟ್. ಆಳ ಎಷ್ಟು ಅನ್ನುವುದನ್ನು ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಅನುಭವ ಇರುವ ಜೋಡಿಯನ್ನು ನೋಡಿ ನಿರ್ಧರಿಸಬೇಕು. ಇದು ತರಬೇತಿಗೆ ಬದಲಿ ಅಲ್ಲ. ಕಲಿಯಬೇಕಾದ್ದನ್ನು ಇನ್‌ಸ್ಟ್ರಕ್ಟರ್ ಹತ್ತಿರವೇ ಕಲಿಯಿರಿ. ಇಲ್ಲಿ ಹೇಳುತ್ತಿರುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು.

## ಹಂತ 1: ಯಾವ ಹಡಗು, ಎಷ್ಟು ಆಳ

ಸ್ಕಾಪಾ ಫ್ಲೋ ಇರುವುದು ಸ್ಕಾಟ್‌ಲೆಂಡಿನ ಉತ್ತರ ತುದಿಯಾಚೆ, ಆರ್ಕ್ನಿ ದ್ವೀಪಗಳ ನಡುವೆ. 1919ರ ಜೂನ್ 21ರಂದು ಜರ್ಮನ್ ನೌಕಾಪಡೆ ಇಲ್ಲಿ ತನ್ನ 52 ಹಡಗುಗಳನ್ನು ತಾನೇ ಮುಳುಗಿಸಿತು. ಹೆಚ್ಚಿನವು ಗುಜರಿಗೆ ಹೋದವು. ಈಗ ಡೈವ್ ಮಾಡಲು ಉಳಿದಿರುವ ದೊಡ್ಡ ಹಡಗುಗಳು ಏಳು. ಇತಿಹಾಸ ಇಷ್ಟು ಸಾಕು, ಆಳಕ್ಕೆ ಬರೋಣ.

ಲಘು ಕ್ರೂಸರ್‌ಗಳು, ಅಂದರೆ ಚಿಕ್ಕ ವೇಗದ ಯುದ್ಧಹಡಗುಗಳು, ನಾಲ್ಕು: ಕಾರ್ಲ್ಸ್‌ರೂ, ಡ್ರೆಸ್ಡೆನ್, ಬ್ರುಮರ್, ಕೋಲ್ನ್. ಇವು ಮಗ್ಗುಲಾಗಿ ಬಿದ್ದಿವೆ. ಕಾರ್ಲ್ಸ್‌ರೂ ಎಲ್ಲಕ್ಕಿಂತ ಕಡಿಮೆ ಆಳದಲ್ಲಿದೆ, ತಳ ಸುಮಾರು 26 ಮೀಟರ್. ಉಳಿದವುಗಳ ತಳ 35 ಮೀಟರ್ ದಾಟುತ್ತದೆ, ಆದರೆ ಮೇಲಿನ ಮಗ್ಗುಲು 20 ಮೀಟರ್ ಆಸುಪಾಸಿನಲ್ಲೇ ಸಿಗುತ್ತದೆ.

ಯುದ್ಧನೌಕೆಗಳು ಮೂರು: ಕೋನಿಗ್, ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್, ಮಾರ್ಕ್‌ಗ್ರಾಫ್. ಮೂರೂ ಮಗುಚಿ ಬಿದ್ದಿವೆ. ಮೇಲಿನಿಂದ ಇಳಿದವರಿಗೆ ಕಾಣುವುದು ಹಡಗಿನ ಹೊಟ್ಟೆ ಮಾತ್ರ. ಫಿರಂಗಿಗಳನ್ನು ನೋಡಬೇಕಾದರೆ ಅಂಚು ದಾಟಿ ಕೆಳಗೆ, ಕತ್ತಲಿಗೆ ಹೋಗಬೇಕು. ಮಾರ್ಕ್‌ಗ್ರಾಫ್ ತಳ 45 ಮೀಟರ್. ಹೊಸ ಗುಂಪಿನ ಪಟ್ಟಿಯಲ್ಲಿ ಅದನ್ನು ಬರೆಯಲೇಬೇಡಿ. ಬರೆದರೆ ಯಾರೋ ಒಬ್ಬರು ಹಟ ಹಿಡಿಯುತ್ತಾರೆ.

ಹೋಗಲೇಬಾರದ ಹಡಗುಗಳೂ ಇವೆ. ರಾಯಲ್ ಓಕ್ ಮತ್ತು ವ್ಯಾನ್‌ಗಾರ್ಡ್ ನೂರಾರು ನಾವಿಕರ ಸಮಾಧಿಗಳು, ಅಲ್ಲಿ ಡೈವಿಂಗ್ ನಿಷೇಧ. ಜರ್ಮನ್ ಹಡಗುಗಳು ಕೂಡ ಕಾನೂನಿನ ರಕ್ಷಣೆಯಲ್ಲಿರುವ ಸ್ಮಾರಕಗಳು. ಒಂದು ಬೋಲ್ಟ್ ಕಿತ್ತುಕೊಂಡು ಬಂದರೂ ಅಪರಾಧ. ಇದನ್ನು ಗುಂಪಿಗೆ ಹೊರಡುವ ಮುಂಚೆಯೇ ಹೇಳಿ, ಬೋಟ್ ಮೇಲೆ ಅಲ್ಲ.

## ಹಂತ 2: ಜನ ಆರಿಸುವುದು

ಎಲ್ಲರಿಂದ ನಾಲ್ಕು ವಿಷಯ ಬರೆಸಿಕೊಳ್ಳಿ: ಯಾವ ಸರ್ಟಿಫಿಕೇಟ್, ಕೊನೆಯ ಡೈವ್ ಯಾವಾಗ, ಡ್ರೈಸೂಟ್‌ನಲ್ಲಿ (ನೀರು ಒಳಗೆ ಬಾರದ, ಗಾಳಿ ತುಂಬುವ ಸೂಟ್) ಎಷ್ಟು ಡೈವ್, 12 ಡಿಗ್ರಿಗಿಂತ ತಣ್ಣನೆ ನೀರಿನಲ್ಲಿ ಎಷ್ಟು ಡೈವ್. "ನಂದು ನೂರು ಡೈವ್ ಆಗಿದೆ" ಅನ್ನುವ ಮಾತಿಗೆ ಮರುಳಾಗಬೇಡಿ. ಆ ನೂರೂ ಅಂಡಮಾನ್, ಮಾಲ್ಡೀವ್ಸ್‌ನಲ್ಲಿ ಆಗಿದ್ದರೆ ತಣ್ಣೀರಿನ ಲೆಕ್ಕಕ್ಕೆ ಅದು ಸೊನ್ನೆ.

ಓಪನ್ ವಾಟರ್ ಸರ್ಟಿಫಿಕೇಟ್‌ನ ಮಿತಿ 18 ಮೀಟರ್. ಅದೊಂದನ್ನೇ ಇಟ್ಟುಕೊಂಡು ಇಲ್ಲಿ ಬಂದರೆ ನೋಡಲು ಸಿಗುವುದು ಕಡಿಮೆ. ತರಬೇತಿ ಸಂಸ್ಥೆಗಳಲ್ಲಿ ಪಾಡಿಯ ಅಡ್ವಾನ್ಸ್ಡ್ 30 ಮೀಟರ್‌ವರೆಗೆ, ಬಿಸ್ಯಾಕ್‌ನ ಸ್ಪೋರ್ಟ್ಸ್ ಡೈವರ್ ಅಭ್ಯಾಸ ಬೆಳೆಸಿಕೊಂಡಂತೆ 35 ಮೀಟರ್‌ವರೆಗೆ. ಜೊತೆಗೆ ನೈಟ್ರಾಕ್ಸ್ (ಆಕ್ಸಿಜನ್ ಪ್ರಮಾಣ ಹೆಚ್ಚಿಸಿದ ಗಾಳಿ) ಮತ್ತು ಡ್ರೈಸೂಟ್ ಕೋರ್ಸ್ ಬೇಕು. ಡ್ರೈಸೂಟ್‌ನಲ್ಲಿ ಇಪ್ಪತ್ತು ಡೈವ್ ಆಗದವರನ್ನು ನಾನು ಈ ಟ್ರಿಪ್‌ಗೆ ಸೇರಿಸುವುದಿಲ್ಲ. ಇದು ಯಾವ ಸಂಸ್ಥೆಯ ನಿಯಮವೂ ಅಲ್ಲ, ನನ್ನದೇ ಗೆರೆ.

ಆರೋಗ್ಯದ ಬಗ್ಗೆ ನಾಚಿಕೆ ಬೇಡ. ಬಿಪಿ, ಅಸ್ತಮಾ, ಹೃದಯದ ತೊಂದರೆ, ಇತ್ತೀಚಿನ ಆಪರೇಷನ್ ಇದ್ದರೆ ಡೈವಿಂಗ್ ವೈದ್ಯರನ್ನು ಮೊದಲೇ ನೋಡಿ ಬರಲಿ. ಬಿಪಿ ಯಾಕೆ ಮುಖ್ಯ ಅನ್ನುವುದು ಹಂತ 9ರಲ್ಲಿ ಬರುತ್ತದೆ.

ಜೋಡಿಗಳನ್ನು ಈಗಲೇ ಮಾಡಿ. ಗಂಡ ಹೆಂಡತಿ ಒಂದೇ ಜೋಡಿ ಆಗಬೇಕು ಅಂತೇನಿಲ್ಲ. ಗಾಳಿ ಬಳಸುವ ವೇಗ ಮತ್ತು ಅನುಭವ ಹೊಂದಬೇಕು, ಅಷ್ಟೇ. ಇಬ್ಬರು ಹೊಸಬರು ಒಂದೇ ಜೋಡಿಯಲ್ಲಿ ಬೇಡ.

## ಹಂತ 3: ಬೋಟ್, ತಿಂಗಳು, ದುಡ್ಡು

ಬೋಟ್‌ಗಳು ಹೊರಡುವುದು ಸ್ಟ್ರಾಮ್‌ನೆಸ್ ಬಂದರಿನಿಂದ. ಸಾಮಾನ್ಯವಾಗಿ ವಾರದ ಲೆಕ್ಕದಲ್ಲಿ, ಶನಿವಾರದಿಂದ ಶನಿವಾರಕ್ಕೆ, ಸುಮಾರು 12 ಜನರಿಗೆ ಕೊಡುತ್ತಾರೆ. ದಿನಕ್ಕೆ ಎರಡು ಡೈವ್. ಒಳ್ಳೆಯ ಬೋಟ್‌ಗಳು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಮುಂಚೆ ತುಂಬಿಹೋಗುತ್ತವೆ.

ನೀರಿನ ತಾಪಮಾನ ಮಾರ್ಚ್‌ನಲ್ಲಿ 6-7 ಡಿಗ್ರಿ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ 13 ಡಿಗ್ರಿ ಹತ್ತಿರ. ಮೊದಲ ಸಲ ಹೋಗುವವರಿಗೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ ಒಳ್ಳೆಯದು. ಮೇ ತಿಂಗಳಲ್ಲಿ ಹಗಲು ಉದ್ದ, ಆದರೆ ನೀರು ಇನ್ನೂ ತಣ್ಣಗಿರುತ್ತದೆ. ಪಾಚಿ ಎದ್ದು ಹಸಿರಾಗುವುದೂ ಉಂಟು.

ಬುಕ್ ಮಾಡುವಾಗ ಕೇಳಬೇಕಾದ್ದು: ನೈಟ್ರಾಕ್ಸ್ ಬೋಟ್ ಮೇಲೇ ತುಂಬುತ್ತಾರಾ, ಸಿಲಿಂಡರ್ ಕೊಡುತ್ತಾರಾ, ಡೈವರ್‌ಗಳನ್ನು ಮೇಲೆತ್ತುವ ಲಿಫ್ಟ್ ಇದೆಯಾ, ಆಕ್ಸಿಜನ್ ಎಷ್ಟು ಇಟ್ಟಿದ್ದಾರೆ, ಬಂದರಿನವರ ಅನುಮತಿ ಯಾರು ಪಡೆಯುತ್ತಾರೆ. ಸಸ್ಯಾಹಾರಿಗಳು ಇದ್ದರೆ ಅದನ್ನೂ ಆಗಲೇ ಹೇಳಿ. ಸಮುದ್ರದ ಮಧ್ಯೆ ಅಡುಗೆಯವರನ್ನು ಕಾಡಿ ಪ್ರಯೋಜನವಿಲ್ಲ. ಚಟ್ನಿಪುಡಿ ಡಬ್ಬಿ ಹೇಗೂ ನಿಮ್ಮ ಬ್ಯಾಗಿನಲ್ಲಿ ಇರುತ್ತದೆ, ಅಲ್ವಾ?

ಗುಂಪು ಒಡೆಯುವುದು ದುಡ್ಡಿನ ವಿಷಯಕ್ಕೆ. ಯಾರಾದರೂ ಕೊನೆಗಳಿಗೆಯಲ್ಲಿ ಬರದಿದ್ದರೆ ಆ ಜಾಗದ ದುಡ್ಡು ಯಾರದು? ಗಾಳಿ ಜೋರಾಗಿ ಎರಡು ದಿನ ಬೋಟ್ ಬಂದರಿನಲ್ಲೇ ನಿಂತರೆ? ಎರಡಕ್ಕೂ ಉತ್ತರ ಬರೆದಿಟ್ಟು, ಎಲ್ಲರಿಂದ "ಒಪ್ಪಿಗೆ" ಅನ್ನಿಸಿಕೊಂಡು, ಆಮೇಲೆ ಅಡ್ವಾನ್ಸ್ ಕಟ್ಟಿ. ಸ್ನೇಹಿತರ ಮಧ್ಯೆ ಇದೆಲ್ಲಾ ಯಾಕೆ ಅಂತ ಸುಮ್ನೆ ಬಿಟ್ಟವರೇ ಆಮೇಲೆ ಮಾತು ಬಿಡುವುದು.

ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ನಿಮ್ಮ ಆಳ ಮತ್ತು ಡಿಕಂಪ್ರೆಷನ್ ತೊಂದರೆಯ (ಮೇಲೆ ಬರುವಾಗ ಮೈಯೊಳಗೆ ಗಾಳಿಗುಳ್ಳೆ ಕಟ್ಟುವುದು) ಚಿಕಿತ್ಸೆ ಎರಡೂ ಅದರಲ್ಲಿ ಸೇರಿದೆಯಾ ನೋಡಿ. ಬೆಂಗಳೂರಿನಿಂದ ಬಂದು ಸೇರುವವರಿಗೆ ವೀಸಾ ಬೇಕು. ಅವರ ಜಾಗವನ್ನು ವೀಸಾ ಕೈಗೆ ಬಂದ ಮೇಲೆಯೇ ಗಟ್ಟಿ ಮಾಡಿ.

## ಹಂತ 4: ಸಾಮಾನು

ಜಾಸ್ತಿ ತಪ್ಪು ಆಗುವುದು ರೆಗ್ಯುಲೇಟರ್‌ನಲ್ಲಿ, ಅಂದರೆ ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತರುವ ಸಾಧನದಲ್ಲಿ. ಸಿಲಿಂಡರ್‌ನ 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಗಾಳಿ ಫಸ್ಟ್ ಸ್ಟೇಜ್‌ನಲ್ಲಿ, ಅಂದರೆ ರೆಗ್ಯುಲೇಟರ್ ಸಿಲಿಂಡರ್‌ಗೆ ಕೂರುವ ಭಾಗದಲ್ಲಿ, ಒಮ್ಮೆಲೇ ಹಿಗ್ಗುವಾಗ ಸಿಕ್ಕಾಪಟ್ಟೆ ತಣ್ಣಗಾಗುತ್ತದೆ. ಸುತ್ತಲಿನ ನೀರೂ ತಣ್ಣಗಿದ್ದರೆ ಒಳಗೆ ಮಂಜು ಕಟ್ಟಿ ವಾಲ್ವ್ ತೆರೆದೇ ಉಳಿಯುತ್ತದೆ. ಗಾಳಿ ತಡೆಯಿಲ್ಲದೆ ನುಗ್ಗುತ್ತದೆ. ಇದೇ ಫ್ರೀ-ಫ್ಲೋ. 30 ಮೀಟರ್‌ನಲ್ಲಿ ಹೀಗಾದರೆ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿ. ನಿಮ್ಮ ರೆಗ್ಯುಲೇಟರ್ ತಿರುಗಿಸಿ ನೋಡಿ. ಅದರ ಮೇಲೆ "10 ಡಿಗ್ರಿಗಿಂತ ಹೆಚ್ಚು" ಅನ್ನುವ ಗುರುತು ಇದ್ದರೆ ಅದು ತಣ್ಣೀರಿಗೆ ಅಲ್ಲ. ಸರ್ವಿಸ್ ಮಾಡಿಸಿದ ತಣ್ಣೀರಿನ ರೆಗ್ಯುಲೇಟರ್ ಬೇಕು, ಡಿನ್ ಜೋಡಣೆಯದು (ಸಿಲಿಂಡರ್‌ಗೆ ತಿರುಪಿ ಕೂರಿಸುವಂಥದ್ದು). ಭಾರತದಲ್ಲಿ ಬಾಡಿಗೆಗೆ ಸಿಗುವವು ಹೆಚ್ಚಾಗಿ ಕ್ಲ್ಯಾಂಪ್ ಮಾದರಿಯವು, ಅಡಾಪ್ಟರ್ ನಂಬಿ ಬರಬೇಡಿ.

ಒಂದೇ ಸಿಲಿಂಡರ್, ಒಂದೇ ಫಸ್ಟ್ ಸ್ಟೇಜ್ ಸಾಲದು. ಅದು ಕೈಕೊಟ್ಟರೆ ಮುಚ್ಚುವ ಹಾಗಿಲ್ಲ, ಮುಚ್ಚಿದರೆ ಉಸಿರಿಲ್ಲ. ಒಂದೋ 12 ಲೀಟರ್‌ನ ಜೋಡಿ ಸಿಲಿಂಡರ್, ಇಲ್ಲವೇ 15 ಲೀಟರ್ ಸಿಲಿಂಡರ್ ಜೊತೆಗೆ ಬೇರೆ ರೆಗ್ಯುಲೇಟರ್ ಇರುವ 3 ಲೀಟರ್‌ನ ಪೋನಿ, ಅಂದರೆ ಆಪತ್ತಿಗೆಂದು ಇಟ್ಟ ಪುಟ್ಟ ಸಿಲಿಂಡರ್. ಸ್ವಂತ ಸಿಲಿಂಡರ್ ತರುವವರು ಟೆಸ್ಟ್ ದಿನಾಂಕ ನೋಡಿ. ಬ್ರಿಟನ್‌ನಲ್ಲಿ ಎರಡೂವರೆ ವರ್ಷಕ್ಕೊಮ್ಮೆ ಒಳಭಾಗವನ್ನು ಕಣ್ಣಲ್ಲಿ ನೋಡುವ ಪರೀಕ್ಷೆ, ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ. ದಿನಾಂಕ ಮುಗಿದಿದ್ದರೆ ಯಾರೂ ತುಂಬಿಕೊಡುವುದಿಲ್ಲ.

ಡ್ರೈಸೂಟ್ ಒಳಗೆ ಹತ್ತಿ ಬಟ್ಟೆ ಬೇಡ. ಬೆವರು ಹೀರಿಕೊಂಡು ಮೈಗೆ ಅಂಟಿ ಕೂರುತ್ತದೆ. ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ಅದರ ಮೇಲೆ ದಪ್ಪ ಅಂಡರ್‌ಸೂಟ್. ಕುತ್ತಿಗೆಯ ಸೀಲ್ ಮೈಗೆ ಪೂರ್ತಿ ಅಂಟಬೇಕು. ಒಂದು ಎಳೆ ಕೂದಲು, ಕತ್ತಿನ ಸರ, ಮೇಲೆ ಸರಿದ ಜನಿವಾರ, ಏನು ಸಿಕ್ಕಿಕೊಂಡರೂ ನೀರು ಹನಿಹನಿಯಾಗಿ ಬೆನ್ನಿಗಿಳಿಯುತ್ತದೆ. ಮೊದಲ ಐದು ನಿಮಿಷ ಗೊತ್ತಾಗುವುದಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತದೆ. ಜೋಡಿಯವರು ಒಬ್ಬರ ಸೀಲ್ ಇನ್ನೊಬ್ಬರು ಬೆರಳಾಡಿಸಿ ನೋಡಿ, ಜಿಪ್ ಕೊನೆಯವರೆಗೆ ಎಳೆದಿದೆಯಾ ಅಂತ ಕೈಯಿಟ್ಟು ನೋಡಿ.

ಪ್ರತಿಯೊಬ್ಬರಿಗೂ ಒಂದು ಡಿಎಸ್‌ಎಂಬಿ ಮತ್ತು ರೀಲ್, ಎರಡು ಟಾರ್ಚ್, ದಾರ ಕತ್ತರಿಸಲು ಚಾಕು, ಆಳ ಮತ್ತು ಸಮಯ ಲೆಕ್ಕ ಹಾಕುವ ಡೈವ್ ಕಂಪ್ಯೂಟರ್. ಡಿಎಸ್‌ಎಂಬಿ ಅಂದರೆ ನೀವು ಎಲ್ಲಿದ್ದೀರಿ ಅಂತ ಬೋಟ್‌ಗೆ ತೋರಿಸಲು ನೀರಿನಡಿಯಿಂದ ಮೇಲೆ ಬಿಡುವ ಉದ್ದನೆಯ ಬಣ್ಣದ ಬಲೂನ್. ಜೋಡಿಗೊಂದು ಸಾಕು ಅನ್ನಬೇಡಿ, ಜೋಡಿ ಬೇರ್ಪಟ್ಟಾಗಲೇ ಅದು ಬೇಕಾಗುವುದು.

## ಹಂತ 5: ಅಭ್ಯಾಸ, ಅದೇ ಸಾಮಾನಿನಲ್ಲಿ

ಹೊರಡುವ ಮುಂಚಿನ ಮೂರು ತಿಂಗಳಲ್ಲಿ ಗುಂಪು ಒಟ್ಟಿಗೆ ನೀರಿಗಿಳಿಯಬೇಕು. ಲೆಸ್ಟರ್‌ಶೈರ್‌ನ ಸ್ಟೋನಿ ಕೋವ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹಳೆಯ ಕಲ್ಲುಕ್ವಾರಿ, 22 ಮೀಟರ್ ಮಟ್ಟದಲ್ಲಿ ಸ್ಟಾನೆಗಾರ್ತ್ ಎಂಬ ಸಣ್ಣ ಹಡಗು ಇದೆ, ಇನ್ನೂ ಕೆಳಗೆ ಹೋಗಲೂ ಜಾಗ ಇದೆ.

ಇಲ್ಲಿ ಸುಮ್ನೆ ಸುತ್ತಾಡಬೇಡಿ. ಈ ಕ್ರಮದಲ್ಲಿ ಮಾಡಿ.

1. ತೂಕದ ಪರೀಕ್ಷೆ. ಸಿಲಿಂಡರ್ 50 ಬಾರ್‌ಗೆ ಇಳಿದ ಮೇಲೆ, 5 ಮೀಟರ್‌ನಲ್ಲಿ ಅಲುಗಾಡದೆ ನಿಲ್ಲಬೇಕು. ಕ್ವಾರಿಯದು ಸಿಹಿನೀರು. ಸಮುದ್ರದಲ್ಲಿ ಸುಮಾರು 2-3 ಕಿಲೋ ಜಾಸ್ತಿ ಬೇಕಾಗುತ್ತದೆ. ಇದನ್ನು ಮರೆತು ಮೊದಲ ದಿನವೇ ಮೇಲೆ ತೇಲಿಕೊಂಡು ನಿಲ್ಲುವವರು ಬಹಳ.

2. ಕಾಲು ಮೇಲಾದರೆ. ಡ್ರೈಸೂಟ್‌ನ ಗಾಳಿ ಪಾದಕ್ಕೆ ಓಡಿದರೆ ತಲೆಕೆಳಗಾಗಿ ಮೇಲಕ್ಕೆ ಹಾರುತ್ತೀರಿ. ಮಂಡಿ ಮಡಚಿ, ಮುಂದಕ್ಕೆ ಉರುಳಿ, ಎಡಗೈ ಮೇಲಿನ ವಾಲ್ವ್‌ನಿಂದ ಗಾಳಿ ಬಿಡುವುದು ಅಭ್ಯಾಸ ಆಗಬೇಕು. ಕಡಿಮೆ ಆಳದಲ್ಲಿ, ಇನ್‌ಸ್ಟ್ರಕ್ಟರ್ ಎದುರಿಗೆ.

3. ದಪ್ಪ ಕೈಗವಸಿನಲ್ಲಿ ಡಿಎಸ್‌ಎಂಬಿ. ಬರಿಗೈಯಲ್ಲಿ ಬರುತ್ತದೆ ಅಂತ ಬಿಡಬೇಡಿ. 5 ಮಿಲಿಮೀಟರ್ ಗವಸು, ಮರಗಟ್ಟಿದ ಬೆರಳು. ಕ್ಲಿಪ್‌ನ ಪುಟ್ಟ ಗುಬುಟು ಕಣ್ಣೆದುರೇ ಇರುತ್ತದೆ, ಹೆಬ್ಬೆರಳು ಅದರ ಮೇಲೇ ಇರುತ್ತದೆ, ಆದರೆ ಒತ್ತಿದ್ದು ಗೊತ್ತಾಗುವುದೇ ಇಲ್ಲ. ದೊಡ್ಡ ಕ್ಲಿಪ್‌ಗೆ ಬದಲಾಯಿಸಿಕೊಳ್ಳುವುದು ಇಲ್ಲಿಯೇ.

4. ಪೋನಿಗೆ ಬದಲಾಯಿಸುವುದು, ಕಣ್ಣು ಮುಚ್ಚಿಕೊಂಡು. ಜೊತೆಗಾರರ ಗಾಳಿ ಹಂಚಿಕೊಂಡು ಮೇಲೆ ಬರುವುದು. ಜೋಡಿ ಸಿಲಿಂಡರ್‌ನವರು ತಲೆಯ ಹಿಂದಿನ ವಾಲ್ವ್ ಮುಚ್ಚಿ ತೆರೆಯುವುದು. ಅಂಡರ್‌ಸೂಟ್ ದಪ್ಪ ಇದ್ದರೆ ಕೈ ಅಲ್ಲಿಗೆ ತಲುಪುವುದಿಲ್ಲ ಅನ್ನುವುದು ಎಷ್ಟೋ ಜನಕ್ಕೆ ಆಗಲೇ ಗೊತ್ತಾಗುವುದು.

ಈ ನಾಲ್ಕರಲ್ಲಿ ಒಂದಾದರೂ ಬಾರದವರ ಹೆಸರು ತೆಗೆಯುವ ಧೈರ್ಯ ಸಂಘಟಕರಿಗೆ ಬೇಕು. ಅದಕ್ಕೇ ಅಭ್ಯಾಸವನ್ನು ಕೊನೆಯ ಕಂತು ಕಟ್ಟುವ ಮುಂಚೆ ಇಟ್ಟುಕೊಳ್ಳಿ.

## ಹಂತ 6: ಗಾಳಿಯ ಲೆಕ್ಕ

"50 ಬಾರ್ ಉಳಿಸಿಕೊಂಡು ಮೇಲೆ ಬಾ" ಅನ್ನುವುದು 12 ಮೀಟರ್‌ನ ಹವಳದ ದಿಬ್ಬಕ್ಕೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಕೋಲ್ನ್ ಹಡಗಿನ ತಳದ ಹತ್ತಿರಕ್ಕೆ, 35 ಮೀಟರ್‌ಗೆ, ಲೆಕ್ಕ ಹಾಕಿ ನೋಡೋಣ.

35 ಮೀಟರ್‌ನಲ್ಲಿ ಒತ್ತಡ 4.5 ಬಾರ್, ಅಂದರೆ ಮೇಲಿನದಕ್ಕಿಂತ ನಾಲ್ಕೂವರೆ ಪಟ್ಟು ಗಾಳಿ ಖರ್ಚು. ಒಬ್ಬರ ಗಾಳಿ ಖಾಲಿಯಾಗಿ ಇಬ್ಬರೂ ಒಂದೇ ಸಿಲಿಂಡರ್‌ನಲ್ಲಿ ಉಸಿರಾಡಬೇಕು ಅಂದುಕೊಳ್ಳಿ. ಗಾಬರಿಯಲ್ಲಿ ಒಬ್ಬೊಬ್ಬರಿಗೆ ನಿಮಿಷಕ್ಕೆ 30 ಲೀಟರ್, ಇಬ್ಬರಿಗೆ 60.

ತಳದಲ್ಲಿ ಪರಿಸ್ಥಿತಿ ಸರಿಮಾಡಿಕೊಳ್ಳಲು 2 ನಿಮಿಷ: 60 × 4.5 × 2 = 540 ಲೀಟರ್.
ನಿಮಿಷಕ್ಕೆ 9 ಮೀಟರ್‌ನಂತೆ ಮೇಲೆ ಬರಲು 4 ನಿಮಿಷ, ಸರಾಸರಿ ಒತ್ತಡ 2.75: 60 × 2.75 × 4 = 660 ಲೀಟರ್.
5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಲು: 60 × 1.5 × 3 = 270 ಲೀಟರ್.

ಒಟ್ಟು 1470 ಲೀಟರ್. 15 ಲೀಟರ್ ಸಿಲಿಂಡರ್‌ನಲ್ಲಿ ಅದು 98 ಬಾರ್ (1470 ÷ 15). ಅಂದರೆ ಗೇಜ್ 100 ತೋರಿಸಿದಾಗ ನೀವು ತಳ ಬಿಡಬೇಕು, 50 ತೋರಿಸಿದಾಗ ಅಲ್ಲ. 12 ಲೀಟರ್‌ನ ಜೋಡಿಯಲ್ಲಿ ಅದೇ ಗಾಳಿ 61 ಬಾರ್, 70 ಅಂತ ಇಟ್ಟುಕೊಳ್ಳಿ. ಡಿಕಂಪ್ರೆಷನ್ ನಿಲುಗಡೆ (ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಮೇಲೆ ಬರುವಾಗ ಕಡ್ಡಾಯವಾಗಿ ನಿಲ್ಲುವುದು) ಇದ್ದರೆ ಅದರ ಗಾಳಿ ಇದಕ್ಕೆ ಸೇರಬೇಕು. ಪೋನಿಯ ಗಾಳಿಯನ್ನು ಈ ಲೆಕ್ಕಕ್ಕೆ ತರಬೇಡಿ, ಅದು ಆಪತ್ಕಾಲಕ್ಕೆ.

ಈಗ ಉಳಿದದ್ದು ನೋಡಿ. 230 ಬಾರ್ ತುಂಬಿದ 15 ಲೀಟರ್‌ನಲ್ಲಿ ಬಳಸಲು ಸಿಗುವುದು 130 ಬಾರ್, 1950 ಲೀಟರ್. ಶಾಂತವಾಗಿ ನಿಮಿಷಕ್ಕೆ 20 ಲೀಟರ್ ಎಳೆಯುವವರು ಆ ಆಳದಲ್ಲಿ 90 ಲೀಟರ್ ಬಳಸುತ್ತಾರೆ. ಇಳಿಯುವುದೂ ಸೇರಿ 20 ನಿಮಿಷ, ಅಷ್ಟೇ. ಚಳಿಗೆ ಉಸಿರು ಜೋರಾದರೆ ಇನ್ನೂ ಕಡಿಮೆ. ಪ್ರತಿ ಜೋಡಿಯೂ ತಮ್ಮ ತಮ್ಮ ಅಂಕಿ ಹಾಕಿ ಈ ಲೆಕ್ಕವನ್ನು ಬರೆದು ತೋರಿಸಲಿ.

ನೈಟ್ರಾಕ್ಸ್ ವಿಷಯದಲ್ಲಿ ಒಂದೇ ತಪ್ಪು ಪದೇ ಪದೇ ಆಗುತ್ತದೆ: ವಾರಪೂರ್ತಿ 32, ಅಂದರೆ ಶೇಕಡ 32 ಆಕ್ಸಿಜನ್ ಇರುವುದನ್ನು, ತುಂಬಿಸುವುದು. ಆಕ್ಸಿಜನ್‌ನ ಒತ್ತಡಕ್ಕೆ ಇರುವ 1.4 ಬಾರ್ ಮಿತಿಯಲ್ಲಿ 32ರ ಗರಿಷ್ಠ ಆಳ 33 ಮೀಟರ್. ಬ್ರುಮರ್, ಕೋಲ್ನ್ ತಳಕ್ಕೆ ಹೋದರೆ ಮಿತಿ ದಾಟುತ್ತೀರಿ. ಅಲ್ಲಿಗೆ 28 ಸರಿ, ಅದು 40 ಮೀಟರ್‌ವರೆಗೆ ನಡೆಯುತ್ತದೆ. ನಿಮ್ಮ ಸಿಲಿಂಡರ್ ನೀವೇ ಅಳೆದು, ಟೇಪ್ ಮೇಲೆ ಬರೆದು, ಕಂಪ್ಯೂಟರ್‌ನಲ್ಲೂ ಅದೇ ಅಂಕಿ ಹಾಕಿ.

## ಹಂತ 7: ವಾರದ ಕ್ರಮ

ಅಂತಿಮ ಮಾತು ಬೋಟ್ ಕ್ಯಾಪ್ಟನ್‌ನದು. ಗಾಳಿ ದಿಕ್ಕು ಬದಲಾದರೆ ಹಡಗೂ ಬದಲಾಗುತ್ತದೆ. ಆದರೆ ನಿಮ್ಮ ಗುಂಪಿನ ಮಟ್ಟವನ್ನು ಮೊದಲ ಸಂಜೆಯೇ ಅವರಿಗೆ ನಿಜ ನಿಜ ಹೇಳಿ. ಮೊದಲ ಡೈವ್ ಕಾರ್ಲ್ಸ್‌ರೂ ಆಗಲಿ ಅಂತ ಕೇಳಿ. ಎರಡನೇ ದಿನ ಡ್ರೆಸ್ಡೆನ್ ಅಥವಾ ಕೋಲ್ನ್‌ನ ಮೇಲಿನ ಮಗ್ಗುಲು. ಯುದ್ಧನೌಕೆ ಬೇಕೇ ಬೇಕು ಅಂದರೆ ಮೂರನೇ ದಿನದ ನಂತರ ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್. ದಿನದ ಮೊದಲ ಡೈವ್ ಆಳದ್ದು, ಎರಡನೆಯದು ಕಡಿಮೆ ಆಳದ್ದು.

ಬುರ್ರಾ ಸೌಂಡ್‌ನಲ್ಲಿ ಬಂದರಿನ ಬಾಯಿ ಮುಚ್ಚಲು ಮುಳುಗಿಸಿದ ಹಡಗುಗಳಿವೆ. 12ರಿಂದ 18 ಮೀಟರ್, ನೀರು ತಿಳಿ, ನೋಡಲು ಚೆಂದ. ಆದರೆ ಅಲ್ಲಿ ಸೆಳೆತ ಭಯಂಕರ. ಭರತ ಇಳಿತದ ನಡುವೆ ನೀರು ನಿಲ್ಲುವ ಆ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಇಳಿಯಬಹುದು. "ರೆಡಿ" ಅಂದಾಗ ಹತ್ತು ಜನ ಸಿದ್ಧರಿದ್ದು ಇಬ್ಬರು ಗವಸು ಹುಡುಕುತ್ತಿದ್ದರೆ ಆ ಇಬ್ಬರನ್ನು ಬಿಟ್ಟೇ ಹೋಗಬೇಕು.

ವಾರದ ಮಧ್ಯೆ ಅರ್ಧ ದಿನ ರಜೆ ಹಾಕಿ. ದಣಿವು, ನೀರು ಕುಡಿಯದಿರುವುದು, ಚಳಿ, ಮೂರೂ ಸೇರಿ ಡಿಕಂಪ್ರೆಷನ್ ತೊಂದರೆಯ ಅಪಾಯ ಹೆಚ್ಚಿಸುತ್ತವೆ. ಡ್ರೈಸೂಟ್ ಬಿಚ್ಚುವ ರಗಳೆಗೆ ಹೆದರಿ ನೀರು ಕುಡಿಯದವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಕೇಳಿ ಕೇಳಿ ಕುಡಿಸಿ.

## ಹಂತ 8: ನೀರಿಗಿಳಿಯುವಾಗ

ಡೆಕ್ ಮೇಲಿನ ತಣ್ಣನೆ ಗಾಳಿಯಲ್ಲಿ ರೆಗ್ಯುಲೇಟರ್‌ನ ಬಟನ್ ಒತ್ತಿ ಒತ್ತಿ ನೋಡಬೇಡಿ, ಫ್ರೀ-ಫ್ಲೋಗೆ ನೀವೇ ದಾರಿ ಮಾಡಿಕೊಟ್ಟಂತೆ. ನೀರಿನಲ್ಲಿ ಸೂಟ್‌ಗೆ ಗಾಳಿ ತುಂಬುವಾಗ ಚಿಕ್ಕ ಚಿಕ್ಕದಾಗಿ, ಉಸಿರು ಎಳೆಯದ ಹೊತ್ತಿನಲ್ಲಿ.

ಜೋಡಿ ಜೋಡಿಯಾಗಿ, ಕ್ಯಾಪ್ಟನ್ ಹೇಳಿದ ಕ್ಷಣ ಹಾರಿ, ಶಾಟ್ ಲೈನ್ (ಹಡಗಿನತ್ತ ಇಳಿಬಿಟ್ಟ ಹಗ್ಗ) ಹಿಡಿದು ಇಳಿಯಿರಿ. 5 ಮೀಟರ್‌ನಲ್ಲಿ ನಿಂತು ಗುಳ್ಳೆ ಸೋರುತ್ತಿದೆಯಾ ಪರಸ್ಪರ ನೋಡಿಕೊಳ್ಳಿ. ಅಲ್ಲಿಂದ ಕೆಳಗೆ ಹಸಿರು ದಟ್ಟವಾಗುತ್ತದೆ, ಹಡಗು ಕಾಣುವುದು ಹತ್ತಿರ ಹೋದಾಗಲೇ. ಏದುಸಿರು ಬಂದರೆ ನಿಲ್ಲಿ. ಒಂದು ನಿಮಿಷದಲ್ಲಿ ಸರಿಹೋಗದಿದ್ದರೆ ವಾಪಸ್.

ಒಳಗೆ ಹೋಗಬೇಡಿ. ನೂರು ವರ್ಷದ ತುಕ್ಕು ಹಿಡಿದ ಉಕ್ಕು ಕುಸಿಯುತ್ತಲೇ ಇದೆ. ರಂಧ್ರದಲ್ಲಿ ಟಾರ್ಚ್ ಬಿಟ್ಟು ನೋಡಿ, ತಲೆ ಬಿಡಬೇಡಿ.

ಹೆಬ್ಬೆರಳು ಮೇಲೆತ್ತಿದರೆ "ಸೂಪರ್" ಅಂತಲ್ಲ, "ಮೇಲೆ ಹೋಗೋಣ" ಅಂತ. ಯಾರೇ ತೋರಿಸಲಿ, ಕಾರಣ ಕೇಳದೆ ಡೈವ್ ಮುಗಿಸಬೇಕು. ಮೇಲೆ ಬಂದ ಮೇಲೂ ಮಾಸ್ಕ್ ತೆಗೆಯಬೇಡಿ, ಬೋಟ್ ಕಡೆಗೆ ಈಜಬೇಡಿ. ಬೋಟ್ ನಿಮ್ಮ ಹತ್ತಿರ ಬರುತ್ತದೆ. ಲಿಫ್ಟ್ ಹತ್ತಿ, ಬೆಂಚಿನ ಮೇಲೆ ಕೂತ ನಂತರವೇ ಬಾಯಿಂದ ರೆಗ್ಯುಲೇಟರ್ ತೆಗೆಯುವುದು.

## ಹಂತ 9: ಎಚ್ಚರಿಕೆಯ ಗುರುತುಗಳು

ನೀರಿನಡಿ: ಓಕೆ ಸನ್ನೆಗೆ ತಡವಾಗಿ ಉತ್ತರ, ಗೇಜ್ ನೋಡಿಯೂ ಅಂಕಿ ಹೇಳಲಾಗದಿರುವುದು, ಕ್ಲಿಪ್ ಹಾಕಲು ಎರಡು ಮೂರು ಸಲ ತಡಕಾಡುವುದು, ತಡೆಯಲಾಗದ ನಡುಕ. ಇವು ಚಳಿಯೋ, ಆಳದಲ್ಲಿ ಸಾರಜನಕದಿಂದ ಬರುವ ಮಂಪರೋ ಅಂತ ಯೋಚಿಸುತ್ತಾ ಕೂರಬೇಡಿ. ಎರಡಕ್ಕೂ ಉತ್ತರ ಒಂದೇ: ಮೇಲಕ್ಕೆ, ನಿಧಾನವಾಗಿ.

ಗಮನಿಸಲೇಬೇಕಾದ್ದು ಇನ್ನೊಂದು. ತಣ್ಣೀರು ರಕ್ತವನ್ನು ಕೈಕಾಲಿನಿಂದ ಎದೆಗೆ ತಳ್ಳುತ್ತದೆ. ಕೆಲವರಿಗೆ, ಅದರಲ್ಲೂ ಬಿಪಿ ಇರುವವರಿಗೆ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಶ್ರಮವೇ ಇಲ್ಲದೆ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ, ಕೆಂಪು ಛಾಯೆಯ ನೊರೆ ಬಂದರೆ ತಕ್ಷಣ ನೀರಿನಿಂದ ಹೊರಗೆ, ನೆಟ್ಟಗೆ ಕೂರಿಸಿ, ಆಕ್ಸಿಜನ್ ಕೊಡಿ. ಸುಧಾರಿಸಿದರೂ ಅವರು ವೈದ್ಯರು ನೋಡುವವರೆಗೆ ಮತ್ತೆ ಇಳಿಯಬಾರದು.

ಡೈವ್ ಆದ ಮೇಲೆ: ಕೀಲು ನೋವು, ಚರ್ಮದ ಮೇಲೆ ಕಲೆ, ಜುಮ್ಮೆನ್ನುವಿಕೆ, ವಿಪರೀತ ಸುಸ್ತು, ತೂರಾಡುವುದು. "ಭಾರ ಎತ್ತಿದ್ದಕ್ಕೆ ಇರಬೇಕು" ಅಂತ ಮುಚ್ಚಿಡುವುದೇ ದೊಡ್ಡ ತಪ್ಪು. ಆಕ್ಸಿಜನ್ ಹಚ್ಚಿ, ಕ್ಯಾಪ್ಟನ್‌ಗೆ ಹೇಳಿ. ಅವರು ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಕೋಸ್ಟ್‌ಗಾರ್ಡ್ ಕರೆಯುತ್ತಾರೆ. ದಡದಲ್ಲಿದ್ದರೆ 999ಕ್ಕೆ ಫೋನ್ ಮಾಡಿ. ಬಿಸಿನೀರಿನ ಸ್ನಾನಕ್ಕೆ ಓಡಬೇಡಿ.

## ಹಂತ 10: ಕೊನೆಯ ದಿನ

ವಾರಪೂರ್ತಿ ಡೈವ್ ಮಾಡಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು. ಡಿಕಂಪ್ರೆಷನ್ ನಿಲುಗಡೆ ಮಾಡಿದವರು 24 ಗಂಟೆ ಇಟ್ಟುಕೊಳ್ಳಲಿ. ಶುಕ್ರವಾರ ಮಧ್ಯಾಹ್ನ ಕೊನೆಯ ಡೈವ್ ಮುಗಿಸಿ ಶನಿವಾರ ಬೆಳಿಗ್ಗೆಯೇ ಆರ್ಕ್ನಿಯ ಕರ್ಕ್‌ವಾಲ್‌ನಿಂದ ವಿಮಾನ ಹಿಡಿಯುವ ಟಿಕೆಟ್ ತೆಗೆಯಬೇಡಿ. ಮಧ್ಯಾಹ್ನದ ನಂತರದ್ದು ನೋಡಿ, ಇಲ್ಲವೇ ಸ್ಟ್ರಾಮ್‌ನೆಸ್‌ನಿಂದ ಸ್ಕಾಟ್‌ಲೆಂಡಿನ ಮುಖ್ಯ ಭೂಭಾಗದ ಸ್ಕ್ರಾಬ್‌ಸ್ಟರ್‌ಗೆ ಫೆರ್ರಿ ಹಿಡಿಯಿರಿ, ಒಂದೂವರೆ ಗಂಟೆಯ ದಾರಿ. ಸಾಮಾನು ಜಾಸ್ತಿ ಇರುವವರಿಗೆ ಫೆರ್ರಿಯೇ ವಾಸಿ, ಸೀಸದ ತೂಕಕ್ಕೆ ಲಗೇಜ್ ದುಡ್ಡು ಕಟ್ಟುವುದು ತಪ್ಪುತ್ತದೆ.

ಡ್ರೈಸೂಟ್ ಜಿಪ್‌ಗೆ ಸಿಹಿನೀರು ಹುಯ್ದು, ಒರೆಸಿ, ಮೇಣ ಹಚ್ಚಿಯೇ ಮಡಚಿ. ಒದ್ದೆ ಅಂಡರ್‌ಸೂಟ್ ಬೇರೆ ಚೀಲಕ್ಕೆ. ಬಾಡಿಗೆ ಸಾಮಾನಿನ ಪಟ್ಟಿ ಹಿಡಿದು ಒಬ್ಬರು ಡೆಕ್ ಮೇಲೆ ನಿಲ್ಲಲಿ. ಸ್ಟ್ರಾಮ್‌ನೆಸ್ ದಕ್ಕೆಯಲ್ಲಿ ಕಾರು ಹತ್ತುವ ಮುಂಚೆ ಲೆಕ್ಕ ಚುಕ್ತಾ ಆಗಿಬಿಡಬೇಕು. ಮನೆಗೆ ಹೋದ ಮೇಲೆ ಯಾರೂ ಬೇಗ ಕಳಿಸುವುದಿಲ್ಲ.